ವಾಚನಾಲಯದ ಗೋಡೆ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನೀನು ತೆಗೆದ ಫೋಟೋಗಳ ಪ್ರದರ್ಶನಕ್ಕೆ ಬಡಾವಣೆಯ ವಾಚನಾಲಯದವರು ಒಂದು ತಿಂಗಳು ಗೋಡೆ ಬಿಟ್ಟುಕೊಡಲು ಒಪ್ಪಿದ್ದಾರೆಂದು ಓದಿ ಬಹಳ ಹಿಗ್ಗಿದೆ. ಆದರೆ ‘ಗ್ಯಾಲರಿಯೇನಲ್ಲ, ಬರೀ ವಾಚನಾಲಯ’ ಎಂದಿದ್ದೀಯಲ್ಲ, ಆ ‘ಬರೀ’ ನನಗೆ ಹಿಡಿಸಲಿಲ್ಲ. 1905ರಲ್ಲಿ ಅಮೆರಿಕದ ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನಲ್ಲಿ ಫೋಟೋಗಳಿಗೆಂದು ತೆರೆದದ್ದೂ ಪುಟ್ಟ ಕೋಣೆಗಳನ್ನೇ. ಗ್ಯಾಲರಿಗೆ ಬರುವವರು ಒಮ್ಮೆ ನೋಡಿ ಹೋಗುತ್ತಾರೆ. ಇಲ್ಲಿ ಪೇಪರ್ ಓದಲು ಬರುವವರು ತಿಂಗಳಿಡೀ ನಿನ್ನ ಚಿತ್ರಗಳ ಎದುರು ಕೂರುತ್ತಾರೆ. ಮೂವತ್ತನೆಯ ದಿನವೂ ಕಣ್ಣು ಅದರತ್ತ ಹೋಗಬೇಕು.

ಅದಕ್ಕೇ ನಲವತ್ತು ಚಿತ್ರ ಬೇಡ. ಎಲ್ಲವನ್ನೂ ಚಿಕ್ಕದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿಕೋ. ಒಂದು ವಾರ ಹಾಗೇ ಇರಲಿ, ಓಡಾಡುತ್ತಾ ನೋಡು. ತೆಗೆಯಲು ತುಂಬಾ ಕಷ್ಟಪಟ್ಟೆ ಎಂಬ ಕಾರಣಕ್ಕೇ ನೀನು ಬಿಡಲಾರದೆ ಇಟ್ಟುಕೊಂಡಿರುವ ಕೆಲವು ಸಿಗುತ್ತವೆ. ಮೊದಲು ಅವನ್ನು ತೆಗೆದಿಡು. ನೀನು ಪಟ್ಟ ಕಷ್ಟ ಪ್ರಿಂಟಿನಲ್ಲಿ ಬರುವುದಿಲ್ಲ ಮಗಳೇ. ಹದಿನೈದು ಉಳಿದರೆ ಸಾಕು.

ಅಳತೆಯ ಬಗ್ಗೆ ಕೇಳಿದ್ದೆ. ನಿನ್ನ 24 ಮೆಗಾಪಿಕ್ಸೆಲ್ ಕ್ಯಾಮೆರಾ ಉದ್ದಕ್ಕೆ 6000, ಅಗಲಕ್ಕೆ 4000 ಪಿಕ್ಸೆಲ್ ಕೊಡುತ್ತದೆ. ಪ್ರಿಂಟಿನಲ್ಲಿ ಇಂಚಿಗೆ 300 ಪಿಕ್ಸೆಲ್‌ನಂತೆ ಹಿಡಿದರೆ ಉದ್ದ 20 ಇಂಚಿನವರೆಗೆ ಯೋಚನೆಯಿಲ್ಲ. ಅಂಚು ಕತ್ತರಿಸಿದ್ದರೆ ಲೆಕ್ಕ ಮತ್ತೆ ಹಾಕು. ಎಲ್ಲವನ್ನೂ ಒಟ್ಟಿಗೆ ಪ್ರಿಂಟಿಗೆ ಕೊಡಬೇಡ. ಪರದೆ ತಾನೇ ಬೆಳಗುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಷ್ಟೇ ಕಾಣುತ್ತದೆ. ಪರದೆಯ ಬೆಳಕು ಹೆಚ್ಚಿಟ್ಟು ತಿದ್ದಿದ ಚಿತ್ರ ಪ್ರಿಂಟಿನಲ್ಲಿ ಕಪ್ಪಿಟ್ಟು ಬರುವುದು ಇದರಿಂದಲೇ. ಒಂದೇ ಒಂದು ಪ್ರಿಂಟ್ ತೆಗೆಸಿ ಅದೇ ಗೋಡೆಗೆ ಹಿಡಿದು ನೋಡು, ಬೆಳಿಗ್ಗೆ ಒಮ್ಮೆ, ಟ್ಯೂಬ್‌ಲೈಟ್ ಹಾಕಿದ ಮೇಲೆ ಇನ್ನೊಮ್ಮೆ. ನೇರ ಬಿಸಿಲು ಬೀಳುವ ಜಾಗವಾದರೆ ಬಿಟ್ಟುಬಿಡು, ಬಣ್ಣ ಮಾಸುತ್ತದೆ. ಕಿಟಕಿಯ ಎದುರುಗೋಡೆಯೂ ಕಷ್ಟವೇ, ಗಾಜಿನಲ್ಲಿ ಕಿಟಕಿಯೇ ಕಾಣುತ್ತದೆ.

ಕಟ್ಟು ಹಾಕಿಸುವಾಗ ಗಾಜು ಫೋಟೋಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟು, ಇರಲಿ. ತೇವಕ್ಕೆ ಅಂಟಿಕೊಂಡರೆ ಬಿಡಿಸುವುದು ಆಗದ ಮಾತು. ಚಿತ್ರದ ನಡುಮಧ್ಯ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರದಲ್ಲಿರುವುದು ರೂಢಿ. ಕೂತು ಓದುವ ಕೋಣೆಯಾದ್ದರಿಂದ ಇನ್ನೂ ಸ್ವಲ್ಪ ಕೆಳಗಿದ್ದರೆ ಚೆನ್ನ ಎನಿಸುತ್ತದೆ ನನಗೆ. ಮೊಳೆ ಹೊಡೆಯಬಹುದೇ, ಒಡೆದರೆ ಯಾರ ಹೊಣೆ, ಯಾವತ್ತು ಇಳಿಸಬೇಕು, ಇವಿಷ್ಟನ್ನು ಈಗಲೇ ಮಾತಾಡಿ ಬರೆದಿಟ್ಟುಕೋ.

ನಾನು ಈ ಕಾಗದ ಬರೆಯಲು ಕೂತದ್ದು ಮುಖ್ಯವಾಗಿ ಇನ್ನೊಂದು ಮಾತಿಗೆ. ನಿನ್ನ ಚಿತ್ರದಲ್ಲಿರುವವರು ಪಕ್ಕದ ಬೀದಿಯವರು. ಅವರು ಬಂದು ನೋಡುತ್ತಾರೆ. ಮೊದಲ ಸಲ ನಾನು ಹೀಗೆ ಗೋಡೆಗೆ ಹಾಕಿದಾಗ, ಬಾಯಿ ತೆರೆದು ಬೆಂಚಿನ ಮೇಲೆ ನಿದ್ದೆ ಹೋಗಿದ್ದ ಹಿರಿಯರೊಬ್ಬರ ಚಿತ್ರ ಅದರಲ್ಲಿತ್ತು. ಬೆಳಕು ಅಷ್ಟು ಚೆನ್ನಾಗಿ ಬಿದ್ದಿತ್ತು, ಎಲ್ಲರೂ ಹೊಗಳಿದರು. ಮೂರನೆಯ ದಿನ ಅವರೇ ಮೊಮ್ಮಗಳ ಕೈ ಹಿಡಿದು ಬಂದರು. ಬಹಳ ಹೊತ್ತು ನೋಡಿದರು. ಒಂದು ಮಾತೂ ಆಡದೆ ಹೊರಟುಹೋದರು. ಅಂದು ಸಂಜೆ ಅದನ್ನು ಇಳಿಸಿದೆ, ಆದರೆ ಅವರ ಮನೆಗೆ ಹೋಗಿ ತಪ್ಪಾಯಿತೆನ್ನಲು ಧೈರ್ಯ ಸಾಲಲಿಲ್ಲ. ಆಮೇಲೆ ಅವರು ಸಿಗಲೂ ಇಲ್ಲ. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಮುಖ ಕಾಣುವ ಪ್ರತಿಯೊಂದು ಚಿತ್ರವನ್ನೂ ಆಯಾ ಮನೆಗೆ ಒಯ್ದು ತೋರಿಸು. ಮಕ್ಕಳ ಚಿತ್ರವಾದರೆ ತಂದೆತಾಯಿಗೆ ತೋರಿಸು. ಗೋಡೆಗೆ ಹಾಕಲೇ ಎಂದು ಕೇಳು, ಕೆಳಗೆ ಹೆಸರು ಬರೆಯಲೇ ಎಂದೂ ಕೇಳು. ಬೇಡವೆಂದರೆ ವಾದಿಸಬೇಡ, ನಿನ್ನ ಅತ್ಯುತ್ತಮ ಚಿತ್ರವಾಗಿದ್ದರೂ ಸರಿ. ಒಪ್ಪಿದವರಿಗೆ ಒಂದೊಂದು ಪ್ರತಿ ಕೊಟ್ಟು ಬಾ.

ಪರೀಕ್ಷೆಯ ಪ್ರಿಂಟ್ ಕೈಗೆ ಬಂದ ದಿನ ಫೋನ್ ಮಾಡು. ಚಿತ್ರ ತೂಗುಹಾಕುವ ದಿನ ರಸಮಟ್ಟ ಹಿಡಿದು ನಾನೇ ಬರುತ್ತೇನೆ, ಏಣಿ ನೀನು ಹೊಂದಿಸಿಡು.

ಇಂತಿ,
ನಿನ್ನ ದೊಡ್ಡಪ್ಪ