ನರ್ಸಮ್ಮ ಊರಲ್ಲೇ ಇದ್ದಳು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ನನ್ನ ಹೆಂಡತಿಯ ಫೋಟೊ ಹಾಕಿ ನಾಲ್ಕು ಸಾಲು ಪ್ರಕಟಿಸಿದ್ದಿರಿ. ನಿವೃತ್ತ ಆರೋಗ್ಯ ಸಹಾಯಕಿ, ಪತಿ, ಒಬ್ಬ ಮಗ, ಒಬ್ಬ ಮಗಳನ್ನು ಅಗಲಿದ್ದಾರೆ ಅಂತ ಇತ್ತು. ತುಂಬಾ ಉಪಕಾರವಾಯಿತು. ಅದನ್ನು ನೋಡಿ ಹಾಸನ, ಬೇಲೂರು, ಸೋಮವಾರಪೇಟೆ ಕಡೆಯಿಂದೆಲ್ಲ ಜನ ಫೋನ್ ಮಾಡಿದರು. ಆದರೆ ಅವಳು ಏನು ಕೆಲಸ ಮಾಡಿದಳು, ಹೇಗೆ ಮಾಡಿದಳು ಅನ್ನುವುದು ನಾಲ್ಕು ಸಾಲಿನಲ್ಲಿ ಹಿಡಿಯುವಂಥದ್ದಲ್ಲ. ಅದಕ್ಕೇ ಈ ಪತ್ರ. ಉದ್ದವಾಯಿತು ಅಂತ ಕತ್ತರಿಸಬೇಡಿ.

ನಮ್ಮದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿ. ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದವನು. ಅವಳು ಇಲ್ಲಿನ ಆರೋಗ್ಯ ಉಪಕೇಂದ್ರಕ್ಕೆ ಎಎನ್‌ಎಂ, ಅಂದರೆ ಹಳ್ಳಿಯ ನರ್ಸ್, ಆಗಿ ಬಂದದ್ದು 1980ರ ದಶಕದ ಶುರುವಿನಲ್ಲಿ. ನಮ್ಮ ಮದುವೆ ಆದದ್ದು ಆಮೇಲೆ. ಸರ್ಕಾರಿ ಕಾಗದದಲ್ಲಿ ಅವಳು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಊರಿನವರಿಗೆ ಮತ್ತು ತೋಟದ ಲೈನಿನಲ್ಲಿದ್ದ (ಕೂಲಿಯವರ ಸಾಲುಮನೆ) ತಮಿಳು ಕಾರ್ಮಿಕರಿಗೆ ಬರೀ ನರ್ಸಮ್ಮ. ಮುಂದಿನ ಕೋಣೆ ಉಪಕೇಂದ್ರ, ಹಿಂದಿನ ಎರಡು ಕೋಣೆ ನಮ್ಮ ಮನೆ. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ತಟ್ಟಿದರೂ ಅವಳು ಸಿಗುತ್ತಿದ್ದಳು.

ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು. ಇದು ಸರ್ಕಾರದ ಲೆಕ್ಕ. ಕಾಗದದ ಮೇಲೆ ನೋಡಿದರೆ ನಮ್ಮ ಕಡೆಯ ನರ್ಸಿಗೆ ಕೆಲಸ ಕಡಿಮೆ ಅನ್ನಿಸಬಹುದು. ಇಲ್ಲಿಗೆ ಬಂದು ನೋಡಬೇಕು. ಒಂದು ಮನೆ ಈ ಗುಡ್ಡದಲ್ಲಿದ್ದರೆ ಇನ್ನೊಂದು ಆ ಗುಡ್ಡದಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ತೋಟದೊಳಗೆ ಸುತ್ತು ಹಾಕಿ ಹೋಗಬೇಕು. ಸೀರೆ ಎತ್ತಿ ಕಟ್ಟಿ, ಇಂಬಳಕ್ಕೆ ಅಂತ ಉಪ್ಪಿನ ಗಂಟು ಹಿಡಿದು, ಹೆಗಲಿಗೆ ಲಸಿಕೆ ಡಬ್ಬ ಹಾಕಿಕೊಂಡು ಹೋಗುತ್ತಿದ್ದಳು.

ಆ ಡಬ್ಬದ ಬಗ್ಗೆ ಸ್ವಲ್ಪ ಹೇಳಬೇಕು. ಗುರುವಾರ ಚುಚ್ಚುಮದ್ದಿನ ದಿನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಐಸ್‌ಪ್ಯಾಕ್ ಹೊರಗೆ ತೆಗೆದ ಕೂಡಲೇ ಅವಳು ಡಬ್ಬಕ್ಕೆ ತುಂಬುತ್ತಿರಲಿಲ್ಲ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯುತ್ತಿದ್ದಳು. ಮೇಲೆ ಬೆವರು ಮೂಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಕ್ ಅನ್ನಬೇಕು. ಆಮೇಲೇ ಡಬ್ಬಕ್ಕೆ. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದರೂ ಅಷ್ಟೇ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಕೊಡುವ ಡಿಪಿಟಿ ಲಸಿಕೆ ಐಸ್ ತಾಗಿ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೂ ಅದು ಕೆಲಸಕ್ಕೆ ಬರುವುದಿಲ್ಲ. 2ರಿಂದ 8 ಡಿಗ್ರಿ ಒಳಗೇ ಇರಬೇಕು. ಅನುಮಾನ ಬಂದರೆ ಶೀಷೆಯನ್ನು ಅಲ್ಲಾಡಿಸಿ ಇಟ್ಟು, ತಳದಲ್ಲಿ ಚೂರುಚೂರಾಗಿ ಬೇಗ ಕೂರುತ್ತದಾ ಅಂತ ನೋಡುತ್ತಿದ್ದಳು. ಕೂತರೆ ಆ ಶೀಷೆ ವಾಪಸ್. "ಸುಮ್ನೆ ನೀರು ಚುಚ್ಚಿ ಮಗೂನ ಅಳಿಸೋದಕ್ಕೆ ಇಷ್ಟು ದೂರ ನಡೀಬೇಕಾ ರೀ?" ಅನ್ನುತ್ತಿದ್ದಳು.

ಮೊದಲ ವರ್ಷಗಳಲ್ಲಿ ಗಾಜಿನ ಸಿರಿಂಜು. ಅದನ್ನು ನಮ್ಮ ಮನೆಯ ಸೀಮೆಎಣ್ಣೆ ಸ್ಟೌ ಮೇಲೇ ಕುದಿಸುತ್ತಿದ್ದಳು. ಅದು ಇಳಿದ ಮೇಲೇ ಸಾರಿನ ಪಾತ್ರೆ ಏರುತ್ತಿದ್ದದ್ದು.

ಪೋಲಿಯೊ ಹೋದದ್ದು ಎಲ್ಲರಿಗೂ ಗೊತ್ತು. ದೇಶದ ಕಡೇ ಪ್ರಕರಣ 2011ರ ಜನವರಿಯಲ್ಲಿ ಬಂತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು. ಅವಳಿಗೆ ಅದಕ್ಕಿಂತ ಜಾಸ್ತಿ ಖುಷಿಯಾದದ್ದು ಮರುವರ್ಷ. ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆ ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದರ ಬಗ್ಗೆ ಊರಲ್ಲಿ ಯಾರೂ ಮಾತಾಡಲಿಲ್ಲ. ಆದರೆ ಅವಳು ಅದನ್ನು ಕಣ್ಣಾರೆ ಕಂಡವಳು. ಹಳೇ ಬ್ಲೇಡಿನಲ್ಲೋ ಕುಡುಗೋಲಿನಲ್ಲೋ ಹೊಕ್ಕುಳಬಳ್ಳಿ ಕತ್ತರಿಸಿ, ಮೇಲೆ ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದ ಕಾಲ. ಹುಟ್ಟಿದ ಮಗು ಎರಡು ದಿನ ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಆಮೇಲೆ ಬಾಯಿ ಬಿಗಿದು, ಹಾಲು ಬಿಟ್ಟು, ಮುಟ್ಟಿದರೆ ಬಿಲ್ಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ಬಾಲಗ್ರಹ ಅಂತ ಯಂತ್ರ ಕಟ್ಟಿಸುತ್ತಿದ್ದರು. ಅವಳು ಯಾರ ಜೊತೆಗೂ ಜಗಳಕ್ಕೆ ನಿಲ್ಲಲಿಲ್ಲ. "ಯಂತ್ರ ಕಟ್ಟಿಸಿ, ನಾನು ಬೇಡ ಅನ್ನಲ್ಲ. ಬಸುರೀಲಿ ಎರಡು ಟಿಟಿ ಮಾತ್ರ ಹಾಕಿಸ್ಕೊಳ್ಳಿ" ಅನ್ನುತ್ತಿದ್ದಳು. ಟಿಟಿ ಅಂದರೆ ಧನುರ್ವಾಯುವಿನ ಚುಚ್ಚುಮದ್ದು. ಸೂಲಗಿತ್ತಿ ಅಜ್ಜಿಯರನ್ನೂ ದೂರ ಮಾಡಲಿಲ್ಲ. ಮನೆಗೆ ಕರೆದು, ಕಾಫಿ ಕೊಟ್ಟು, ಹೊಸ ಬ್ಲೇಡು, ಕುದಿಸಿದ ದಾರ, ಸೋಪು ಕೈಗಿಟ್ಟು ಕಳಿಸುತ್ತಿದ್ದಳು. ಬಳ್ಳಿಗೆ ಏನೂ ಹಚ್ಚಬೇಡಿ, ಹಾಗೇ ಒಣಗಲಿ ಅನ್ನುವುದನ್ನು ಆ ಅಜ್ಜಿಯರ ಬಾಯಿಂದಲೇ ಊರಿಗೆಲ್ಲ ಹೇಳಿಸಿದಳು. ಅವಳು ಹೇಳಿದ್ದರೆ ಅಷ್ಟು ಬೇಗ ಕೇಳುತ್ತಿರಲಿಲ್ಲ.

108 ಬಂದದ್ದು 2008ರಲ್ಲಿ. ಅದಕ್ಕೂ ಮೊದಲು ತೋಟದ ಜೀಪೇ ನಮ್ಮ ಆಂಬುಲೆನ್ಸ್. ಪುನರ್ವಸು ಮಳೆ ಹಿಡಿದಿದ್ದ ಒಂದು ರಾತ್ರಿ ಕರೆ ಬಂತು. ಚೊಚ್ಚಲ ಬಸುರಿ, ಎಂಟು ತಿಂಗಳು. ತಲೆನೋವು, ಕಣ್ಣು ಮಂಜು, ಮುಖ ಕೈಕಾಲು ಊದಿಕೊಂಡಿತ್ತು. ನೀರು ತುಂಬಿದೆ, ಬಸುರಿಯರಿಗೆ ಇದ್ದದ್ದೇ ಅಂತ ಮನೆಯವರು. ಅವಳು ಬಿಪಿ ನೋಡಿದಳು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದಳು. ನನ್ನ ಕಡೆ ತಿರುಗಿ "ಜೀಪು ತನ್ನಿ" ಅಂದಳು. ಬೆಳಗಾಗಲಿ ಅಂತ ಮನೆಯ ಅಜ್ಜಿ ಹಠ ಹಿಡಿದರು. "ಬೆಳಗಿನ ತನಕ ನಾನು ಕಾಯಲ್ಲ ಅಜ್ಜಿ. ನೀವೂ ಹತ್ತಿ, ಜೊತೇಲೇ ಬನ್ನಿ" ಅಂದು ಅವರನ್ನೇ ಮೊದಲು ಕೂರಿಸಿದಳು. ದಾರಿಯಲ್ಲಿ ಮರ ಬಿದ್ದಿತ್ತು. ನಾವು ಕೊಡಲಿ ಹಿಡಿದು ಕೊಂಬೆ ಕಡಿಯುವಷ್ಟು ಹೊತ್ತೂ ಅವಳು ಆ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿಕೊಂಡು ಮಾತಾಡಿಸುತ್ತಲೇ ಇದ್ದಳು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಮುಟ್ಟಿದ ಮೇಲೆ ಆ ಹುಡುಗಿಗೆ ಫಿಟ್ಸ್ ಬಂತು. ಮನೆಯಲ್ಲೇ ಬಂದಿದ್ದರೆ ಯಾರೇನು ಮಾಡಲಿಕ್ಕಾಗುತ್ತಿತ್ತು? ತಾಯಿ ಮಗು ಇಬ್ಬರೂ ಉಳಿದರು. ನಮ್ಮವಳು ಅದೇ ಜೀಪಿನಲ್ಲಿ ವಾಪಸ್ ಬಂದು, ಹಂಡೆಯ ಬಿಸಿನೀರು ಹುಯ್ದುಕೊಂಡು, ಮಕ್ಕಳಿಗೆ ಅಕ್ಕಿರೊಟ್ಟಿ ತಟ್ಟಿಕೊಟ್ಟು ಶಾಲೆಗೆ ಕಳಿಸಿದಳು.

ಈ ಕೆಲಸದ ಕಷ್ಟ ಮಕ್ಕಳಿಗೂ ತಟ್ಟಿದೆ. 1995ರಿಂದ ಪಲ್ಸ್ ಪೋಲಿಯೊ ಶುರುವಾದ ಮೇಲೆ ಎಷ್ಟೋ ಭಾನುವಾರ ಅವಳು ಮನೆಯಲ್ಲಿರಲಿಲ್ಲ. ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದಾಗ ಇವಳು ಬಂದದ್ದು ಕಡೇ ಗಳಿಗೆಯಲ್ಲಿ, ಡಬ್ಬ ಹೆಗಲಲ್ಲೇ ಇತ್ತು. ಮಕ್ಕಳನ್ನು ನೋಡಿಕೊಂಡದ್ದು ನಮ್ಮ ಅಮ್ಮ. ಸೊಸೆ ಲೈನಿಗೆಲ್ಲ ಹೋಗಿ ಬರ್ತಾಳೆ ಅಂತ ಮೊದಮೊದಲು ಮುಖ ಗಂಟು ಹಾಕುತ್ತಿದ್ದ ಅಮ್ಮನೇ, ಆಮೇಲೆ ಜಗಲಿಯಲ್ಲಿ ಕಾಯುವವರಿಗೆ ಬೆಲ್ಲದ ಕಾಫಿ ಕೊಟ್ಟು ಕೂರಿಸುತ್ತಿದ್ದರು. ತಿಂಗಳ ಕೊನೆಗೆ ನಾವಿಬ್ಬರೂ ಒಂದೇ ಲಾಟೀನಿನ ಎದುರು ಕೂರುತ್ತಿದ್ದೆವು. ನಾನು ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಲೆಕ್ಕ) ಬರೆಯುತ್ತಿದ್ದೆ, ಅವಳು ರಿಜಿಸ್ಟರ್ ಬರೆಯುತ್ತಿದ್ದಳು. ಅವಳ ಲೆಕ್ಕದ ಕೂಡುವಿಕೆ ನನ್ನದು. ಅವೇ ನನಗೆ ಈಗ ಜಾಸ್ತಿ ನೆನಪಾಗುವ ರಾತ್ರಿಗಳು.

ಮಾರ್ಚ್ ತಿಂಗಳು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಆಗ ಕುಟುಂಬ ಯೋಜನೆ ಆಪರೇಷನ್‌ಗೆ ಮಾರ್ಚ್ ಮುಗಿಯುವುದರೊಳಗೆ ಮುಟ್ಟಿಸಬೇಕಾದ ಟಾರ್ಗೆಟ್ ಇತ್ತು. ಮಗು ಸೊರಗಿರುವ ತಾಯಿಯನ್ನು ಅವಳು ಯಾವತ್ತೂ ಕ್ಯಾಂಪಿಗೆ ಹೊರಡಿಸಲಿಲ್ಲ. ಬೈಗುಳ ತಿಂದು ಬರುತ್ತಿದ್ದಳು. 1996ರಲ್ಲಿ ಟಾರ್ಗೆಟ್ ಪದ್ಧತಿ ತೆಗೆದರು ಅಂತ ಗೊತ್ತಾದ ದಿನ ನಮ್ಮ ಮನೆಯಲ್ಲಿ ಶ್ಯಾವಿಗೆ ಪಾಯಸ.

ಇಷ್ಟೆಲ್ಲ ಆದದ್ದು ಅವಳು ಊರಲ್ಲೇ ಇದ್ದದ್ದರಿಂದ. ಯಾವ ಮನೆಯಲ್ಲಿ ಯಾರು ಬಸುರಿ, ಯಾರಿಗೆ ರಕ್ತ ಕಮ್ಮಿ, ಯಾವ ಅತ್ತೆಗೆ ಹೇಗೆ ಹೇಳಬೇಕು, ಇದೆಲ್ಲ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಬಂದು ಹೋಗುವವರಿಗೆ ಹೇಗೆ ಗೊತ್ತಾಗಬೇಕು ಹೇಳಿ. ಈಗಿನ ನರ್ಸ್ ಒಳ್ಳೆಯ ಹುಡುಗಿ. ಇವಳ ಕಡೇ ವರ್ಷದಲ್ಲಿ ಇನ್ಸುಲಿನ್ ಕೊಡುವುದನ್ನು ನನಗೆ ಕಲಿಸಿದ್ದೇ ಆಕೆ. "ಗಾಳಿ ತೆಗೆದ್ಯಾ ಮಗಳೇ?" ಅಂತ ಇವಳು ಮಲಗಿದಲ್ಲಿಂದಲೇ ಕೇಳುತ್ತಿದ್ದಳು. ಆಕೆಗೂ ಇಲ್ಲೇ ಇರುವ ಮನಸ್ಸಿದೆ. ಆದರೆ ಚಿಕ್ಕ ಮಗು ಕಟ್ಟಿಕೊಂಡು ಎಲ್ಲಿರಬೇಕು? ನಾವು ಬಿಟ್ಟ ಮೇಲೆ ಕ್ವಾರ್ಟರ್ಸಿನ ಹೆಂಚು ಒಡೆದಿದೆ, ನೀರಿಲ್ಲ, ಬಚ್ಚಲಿಗೆ ಬಾಗಿಲಿಲ್ಲ. ನಮ್ಮ ಒಂದೇ ಊರಿನ ಕಥೆ ಇದಲ್ಲ, ಮಲೆನಾಡಿನ ಎಷ್ಟೋ ಉಪಕೇಂದ್ರಗಳ ಕಡೆ ಜಿಲ್ಲೆಯ ಅಧಿಕಾರಿಗಳು, ಜನಪ್ರತಿನಿಧಿಗಳು ಒಮ್ಮೆ ಬಂದು ನೋಡಲಿ. ಮಳೆ ಹಿಡಿಯುವ ಮೊದಲು ಬರಲಿ.

ಅಮ್ಮನ ಹೆಸರಲ್ಲಿ ಏನಾದರೂ ಮಾಡೋಣ ಅಂತ ಮಕ್ಕಳು ಹಣ ಕೂಡಿಸಿದ್ದಾರೆ. ಆ ಕ್ವಾರ್ಟರ್ಸಿಗೆ ಹೆಂಚು, ನೀರಿನ ಟ್ಯಾಂಕು, ಬಚ್ಚಲಿನ ಬಾಗಿಲು, ಇಷ್ಟನ್ನು ನಾವೇ ಮಾಡಿಸುತ್ತೇವೆ. ಸರ್ಕಾರಿ ಕಟ್ಟಡವಾದ್ದರಿಂದ ಒಪ್ಪಿಗೆ ಬೇಕು. ಅರ್ಜಿ ಕೊಟ್ಟಿದ್ದೇನೆ. ಒಪ್ಪಿಗೆ ಸಿಕ್ಕಿದ ಮರುದಿನವೇ ಕೆಲಸಕ್ಕೆ ಜನ ಕಳಿಸುತ್ತೇನೆ.

ಇಂತಿ,
ನಿವೃತ್ತ ತೋಟದ ರೈಟರ್,
ಹೆತ್ತೂರು ಹೋಬಳಿ, ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ