ಸಿಂಡರೆಲ್ಲಾಗೆ ರಂಗಮಂದಿರ ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮ್ಮೂರಿನ ಸರ್ಕಾರಿ ರಂಗಮಂದಿರವನ್ನು ತಿಂಗಳಿಗೊಂದು ಭಾನುವಾರ, ಎರಡೇ ಗಂಟೆ, ಮಕ್ಕಳ ಸಿನಿಮಾಗೆ ಕೊಡಿ. ನಾಲ್ಕು ವರ್ಷದಿಂದ ಕೇಳುತ್ತಿರುವುದು ಇಷ್ಟೇ. ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈ ಸಲ ತೋರಿಸಬೇಕೆಂದಿದ್ದು 1922ರ ಸಿಂಡರೆಲ್ಲಾ. ಡಿಸ್ನಿಯವರದ್ದಲ್ಲ. ಜರ್ಮನಿಯ ಲೋಟೆ ರೈನಿಗರ್ ಕಪ್ಪು ಕಾಗದದಲ್ಲಿ ಗೊಂಬೆ ಕತ್ತರಿಸಿ, ಒಂದೊಂದೇ ಫ್ರೇಮಿಗೆ ಒಂಚೂರು ಸರಿಸಿ ತೆಗೆದ ಮೂಕಿ ಚಿತ್ರ. ಕಾಲು ಗಂಟೆಯೂ ಇಲ್ಲ. ಶುರುವಿಗೇ ಒಂದು ಕತ್ತರಿ ಬಂದು ಸಿಂಡರೆಲ್ಲಾಳನ್ನು ಕಾಗದದಿಂದ ಬಿಡಿಸುತ್ತದೆ. ಚಪ್ಪಲಿ ಹಿಡಿಸಲಿ ಅಂತ ಮಲತಾಯಿಯ ಮಗಳು ತನ್ನ ಕಾಲನ್ನೇ ಕೊಯ್ದುಕೊಳ್ಳುತ್ತಾಳೆ. ಕೊನೆಗೆ ಮಲತಾಯಿ ಸಿಟ್ಟಿನಿಂದ ಎರಡು ಹೋಳಾಗುತ್ತಾಳೆ! ತೊಗಲುಗೊಂಬೆ ಆಡಿಸುವ ನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕೇ? ನಾನು ಟೈಲರ್. ಕತ್ತರಿ ಹಿಡಿದೇ ಬದುಕುವವಳು. ಲೋಟೆಯ ಕೈಚಳಕಕ್ಕೆ ಮರುಳಾಗಿದ್ದೇನೆ.

ಹನ್ನೊಂದು ಸಲ ಅಂಗಡಿ ಬಾಗಿಲು ಹಾಕಿ ಕಚೇರಿಗೆ ಅಲೆದೆ. ಬ್ಲೌಸ್ ತಡವಾಯ್ತು ಅಂತ ಬೈಸಿಕೊಂಡೆ. ಹನ್ನೊಂದನೇ ಸಲ ಗುಮಾಸ್ತರು ನಿರ್ದೇಶಕರ ಒಪ್ಪಿಗೆ ಪತ್ರ ಕೇಳಿದರು. "ಸ್ವಾಮಿ, ಅವರು 1981ರಲ್ಲೇ ತೀರಿಕೊಂಡರು" ಅಂದೆ. ತಲೆ ಎತ್ತಲಿಲ್ಲ. "ಹಾಗಾದ್ರೆ ಡೆತ್ ಸರ್ಟಿಫಿಕೇಟ್ ಲಗತ್ತಿಸಿ."

ಸುಮ್ನೆ ಹೇಳ್ತಿಲ್ಲ. ಅರ್ಜಿಯ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೇ ಕೊಟ್ಟಿದ್ದಾರೆ. ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ, ಬಂದರೆ ನೋಡಬಹುದು.

ಸೆನ್ಸಾರ್ ಪತ್ರವೂ ಬೇಕಂತೆ. ಸಿನಿಮಾ ಕಾಯ್ದೆ 1952ರದ್ದು, ಚಿತ್ರ ಅದಕ್ಕಿಂತ 30 ವರ್ಷ ಹಿರಿಯದು. ವಿನಾಯಿತಿಗೂ ಅದೇ ಕಾಯ್ದೆಯಲ್ಲಿ ಜಾಗ ಇದೆ, ಅಲ್ವಾ? ಅದನ್ನು ಕೇಳಿಕೊಡುವವರು ಯಾರು? ನಾನೇ ದೆಹಲಿಗೆ ಹೋಗಲೇ? ರಂಗಮಂದಿರ ಕೊಡಿ ಸ್ವಾಮಿ, ಉಳಿದ ಕಾಗದವನ್ನು ನಿಮ್ಮ ಕಚೇರಿಯೇ ಓಡಿಸಲಿ.

ಕಳೆದ ಭಾನುವಾರ ಸಂಜೆ ಬೀದಿಯಲ್ಲೇ ಲೈನಿಂಗ್ ಬಟ್ಟೆ ಕಟ್ಟಿ ತೋರಿಸಿದೆ. ಮೂವತ್ತು ಮಕ್ಕಳು ಚಾಪೆ ಹಾಸಿ ಕೂತಿದ್ದರು. ಚಪ್ಪಲಿ ಹಿಡಿದ ರಾಜಕುಮಾರ ಬಾಗಿಲಿಗೆ ಬಂದ, ಕರೆಂಟ್ ಹೋಯಿತು. ಕತ್ತಲಲ್ಲಿ ರಂಗಮಂದಿರದ ಜನರೇಟರ್ ಸದ್ದು ನಮ್ಮ ಬೀದಿವರೆಗೂ ಕೇಳುತ್ತಿತ್ತು. ಅಲ್ಲಿ ನಿಮ್ಮ ಹುಟ್ಟುಹಬ್ಬದ ಸನ್ಮಾನ. ತಡವಾಗಿ ಶುಭಾಶಯಗಳು.

ಚಪ್ಪಲಿ ಯಾರಿಗೆ ಹಿಡಿಸಿತು ಅಂತ ಮಕ್ಕಳು ಇವತ್ತಿಗೂ ಅಂಗಡಿಗೆ ಬಂದು ಕೇಳುತ್ತಾರೆ. ಕಥೆ ಅವರಿಗೂ ಗೊತ್ತು, ಆದರೂ ನೋಡಬೇಕಂತೆ.

ತಿಂಗಳಿಗೊಂದು ಭಾನುವಾರ. ಎರಡು ಗಂಟೆ. ಜನರೇಟರ್ ಸಮೇತ ಕೊಟ್ಟರೆ ಬೇಡ ಅನ್ನಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು