ಕ್ಯಾಶ್ ತಮಿಳಿನದಾ? ಫಾರ್ವರ್ಡ್ ಮಾಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಓಡಾಡುತ್ತಿರುವ 'ತಮಿಳಿನಿಂದ ಹೋದ ಇಂಗ್ಲಿಷ್ ಪದಗಳು' ಪಟ್ಟಿಯಲ್ಲಿ ಒಂದು ತಪ್ಪಿದೆ. ನಾವು ದಿನಾ ಹೇಳುವ ಕ್ಯಾಶ್ ತಮಿಳಿನದಲ್ಲ. ಅದು ಫ್ರೆಂಚ್, ಇಟಾಲಿಯನ್ ಕಡೆಯದು, ಮೊದಲ ಅರ್ಥ ಹಣದ ಪೆಟ್ಟಿಗೆ. ಆದರೆ ಸಣ್ಣ ನಾಣ್ಯಕ್ಕೆ ಕ್ಯಾಶ್ ಅನ್ನೋ ಬೇರೆ ಪದವೂ ಇತ್ತು. ಅದು ಮಾತ್ರ ತಮಿಳಿನ 'ಕಾಸು' ಪದದಿಂದ ಬಂದದ್ದು. ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಮದ್ರಾಸಿಗಾಗಿ ಹೊರಡಿಸಿದ ತಾಮ್ರದ ನಾಣ್ಯದ ಮೇಲೆ ರೋಮನ್ ಅಂಕಿಯಲ್ಲಿ '20 ಕ್ಯಾಶ್' ಎಂದಿದೆ.

ಉಳಿದವು ಸರಿ. ಕ್ಯಾಟಮರಾನ್ ಅಂದರೆ ಕಟ್ಟುಮರಂ. ಮೀನುಗಾರರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಸಮುದ್ರಕ್ಕಿಳಿಸುತ್ತಿದ್ದ ತೆಪ್ಪ. ಈಗ ಎರಡು ಒಡಲಿನ ದುಬಾರಿ ದೋಣಿಗೂ ಅದೇ ಹೆಸರು! ಕಟ್ಟು, ಮರ ಎರಡೂ ಕನ್ನಡದಲ್ಲೂ ಇವೆ ಅಲ್ವಾ? ಚೆರೂಟ್, ಅಂದರೆ ಹೊಗೆಸೊಪ್ಪಿನ ಚುಟ್ಟಾ, ಬಂದದ್ದು 'ಸುರುಟ್ಟು'ವಿನಿಂದ, ಸುರುಳಿ ಸುತ್ತಿದ್ದು ಅಂತ ಅರ್ಥ.

ನನಗೆ ಜಾಸ್ತಿ ಇಷ್ಟವಾದದ್ದು ಮಲಿಗಟಾನಿ ಸೂಪ್. ಮಿಳಗು ಅಂದರೆ ಕಾಳುಮೆಣಸು, ತಣ್ಣೀರ್ ಅಂದರೆ ನೀರು. ನಮ್ಮ ಮೆಣಸಿನ ಸಾರಿನ ನೆಂಟ. ಅನ್ನಕ್ಕೆ ಕಲಸುವುದನ್ನು ಬ್ರಿಟಿಷರು ಮಾಂಸ ಹಾಕಿ ಬಟ್ಟಲಲ್ಲಿ ಕುಡಿದರು.

ಪಟ್ಟಿಯನ್ನು ಆಗಲೇ ಬೇರೆ ಗುಂಪಿಗೆ ಕಳಿಸಿದ್ದರೆ, ಕ್ಯಾಶ್ ಸಾಲು ತಿದ್ದಿ ಇನ್ನೊಮ್ಮೆ ಕಳಿಸಿಬಿಡಿ.